ಗಾಳಿಯಲ್ಲಿ ತಿರುಗಿದ ಶಾಫ್ಟು

ಅವರ ಬಲಗೈ ಸದಾ ಗಾಳಿಯಲ್ಲಿ ಏನನ್ನೋ ಹಿಡಿದಿರುತ್ತಿತ್ತು. ಐದೂ ಬೆರಳು ಬಾಗಿಸಿ, ಅಂಗೈ ಬಟ್ಟಲು ಮಾಡಿ, ಕಾಣದ ಕಬ್ಬಿಣದ ತುಂಡೊಂದನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಮೊದಲ ದಿನ ನೋಡಿದಾಗ, ಪಾಪ, ಊಟವಾದ ಮೇಲೆ ತೂಕಡಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಶ್ರೀರಂಗಪಟ್ಟಣದ ನಮ್ಮ ಕಾರ್ಖಾನೆ ಆಲೆಮನೆಗಳಿಗೆ ಕಬ್ಬು ಅರೆಯುವ ಗಾಣ ಮಾಡಿಕೊಡುತ್ತಿತ್ತು. ನಕ್ಷೆ ವಿಭಾಗಕ್ಕೆ ಅವರೇ ಹೆಡ್ಡು. ನಾವೆಲ್ಲ ಹೆಡ್ ಸಾರ್ ಅನ್ನುತ್ತಿದ್ದೆವು. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಿಂದ ಬಸ್ಸಿನಲ್ಲಿ ಬರುವವರು. ನಾನು ನಾಗಮಂಗಲದವಳು, ಹೊಸದಾಗಿ ಸೇರಿದವಳು. ಕಂಪ್ಯೂಟರಿನಲ್ಲಿ ಬರೀ ಗೆರೆ ಎಳೆಯುವ ಹಳೆಯ ಕ್ಯಾಡ್ ಬಿಡಿಸಿ, ಇಡೀ ವಸ್ತುವನ್ನೇ ಪರದೆಯ ಮೇಲೆ ಕಟ್ಟಿ ತಿರುಗಿಸುವ ಹೊಸ ಕ್ಯಾಡ್‌ಗೆ ಎಲ್ಲರನ್ನೂ ದಾಟಿಸುವುದು ನನ್ನ ಕೆಲಸ. ಅಬ್ಬಾ, ಎಷ್ಟು ಜಂಭ ನನಗೆ!

ಹೆಡ್ ಸಾರ್‌ಗೆ ಕೋಪವೇ ಬರಲಿಲ್ಲ. ಕಿಟಕಿಯಾಚೆ ಕರಿಘಟ್ಟ ನೋಡುತ್ತಾ, "ಬೆಟ್ಟದ ಆಚೆ ಮಗ್ಗುಲು ಇಲ್ಲಿಂದ ಕಾಣಾಕಿಲ್ಲ. ಅಂಗಂತ ಇಲ್ದೆ ಓಯ್ತದಾ? ನಾನು ಕಣ್ಮುಚ್ಕಂಡು ನೋಡ್ತೀನಿ, ನಿನ್ ಮಿಸನ್ನು ಕಣ್ಣೆದುರ್ಗೆ ತೋರಿಸ್ತದೆ, ಅಷ್ಟೇಯ" ಎಂದರು. ಆಮೇಲೆ ಒಂದು ಮಾತು ಸೇರಿಸಿದರು: "ಹಳೇ ನಕ್ಷೇಲಿ ಗೆರೆ ನಂಬಬ್ಯಾಡ ಕಣವ್ವ, ಅಂಕಿ ನಂಬು."

ವಿಷಯ ಇಷ್ಟೇ. ಹಿಂದೆಲ್ಲ ಅಳತೆ ಬದಲಾದರೆ, ಅವಸರದಲ್ಲಿ ಗೆರೆಯನ್ನು ಹಾಗೇ ಬಿಟ್ಟು ಪಕ್ಕದ ಅಂಕಿಯನ್ನಷ್ಟೇ ತಿದ್ದುತ್ತಿದ್ದರು. ಕಬ್ಬಿಣ ಕಡೆಯುವ ಲೇತಿನವರು ಅಂಕಿ ಓದಿ ಕಡೆಯುತ್ತಿದ್ದರು, ತೊಂದರೆಯೇನೂ ಇರಲಿಲ್ಲ. ಹೊಸ ಕ್ಯಾಡ್ ಮಾತ್ರ ಗೆರೆಯನ್ನೇ ಅಳೆಯುತ್ತದೆ.

"ಹೂಂ ಸಾರ್" ಅಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಪಾಂಡವಪುರದ ಆಲೆಮನೆಯೊಂದರ ಗಾಣದ ಉರುಳೆ ತಿರುಗಿಸುವ ಶಾಫ್ಟನ್ನು ಹಳೆಯ ಗೆರೆಯ ಮೇಲೇ ಕಟ್ಟಿ ಲೇತಿಗೆ ಕಳಿಸಿದೆ. ಕಡೆದು ಬಂದ ಶಾಫ್ಟು ಗಿಡ್ಡ! ಕಬ್ಬು ಕಡಿದು ಗಾಡಿಗೇರಿಸಿ ಕಾದಿದ್ದವರು ನಮ್ಮ ಬಾಗಿಲಲ್ಲಿ ನಿಂತು ಕೂಗಾಡಿದರು.

ಮಾಲೀಕರು ಕೆಂಡಾಮಂಡಲವಾದರು. "ಯಾರ್ದು ಈ ಕೆಲ್ಸ? ಅವ್ರು ನಾಳೆಯಿಂದ ಬರೋದು ಬ್ಯಾಡ!" ಮನೆ ನಡೆಯುತ್ತಿದ್ದುದೇ ನನ್ನ ಕೆಲಸದಿಂದ. ಅಷ್ಟರಲ್ಲಿ ಹೆಡ್ ಸಾರ್ ಎದ್ದು ನಿಂತರು. "ಈ ಮಗೀದೇನೂ ತಪ್ಪಿಲ್ಲ ಸ್ವಾಮಿ. ಗೆರೆ ತಿದ್ದದೆ ಬುಟ್ಟಿದ್ದು ನಾನು. ಯೋಳೋದೂ ಮರ್ತ್ಬುಟ್ಟೆ."

ಹೇಳಿದ್ದರು. ನಾನು ಸುಮ್ಮನಿದ್ದೆ.

ಹಳಬರೆಂದು ಮಾಲೀಕರು ಅವರನ್ನು ಮನೆಗೆ ಕಳಿಸಲಿಲ್ಲ. ಹೆಡ್ ಕುರ್ಚಿ ಕಿತ್ತು ನನಗೆ ಕೊಟ್ಟರು. ಹೆಡ್ ಸಾರ್ ಪಕ್ಕದ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೊಂದೇ ಹಳೆಯ ನಕ್ಷೆಯ ನಿಜವಾದ ಅಳತೆ ಹೇಳುತ್ತಾ ಹೋದರು. ನಾನು ಕಟ್ಟುತ್ತಾ ಹೋದೆ. ಮಧ್ಯಾಹ್ನದ ಬಿಸಿಲು ಮಬ್ಬಾಗಿ ಒಳಗೆ ಹರಡಿರುತ್ತಿತ್ತು. ಅವರ ಕೈ ಗಾಳಿಯಲ್ಲಿ ತಿರುಗುತ್ತಿತ್ತು, ಪರದೆಯಲ್ಲಿ ಶಾಫ್ಟು ತಿರುಗುತ್ತಿತ್ತು, ಯಾವುದು ಯಾವುದನ್ನು ತಿರುಗಿಸುತ್ತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಒಮ್ಮೆ ಕಣ್ಣು ತೆರೆದು ನೋಡಿ ಮಗುವಿನಂತೆ ನಕ್ಕರು. "ಅಯ್ ಶಿವ್ನೇ, ಇದ್ನೇ ಕಣವ್ವ ನಾನು ಇಷ್ಟ್ ವರ್ಸ ಒಬ್ನೇ ನೋಡ್ತಿದ್ದಿದ್ದು!"

ನಿವೃತ್ತರಾದ ಮೇಲೆ ಹಾಸಿಗೆ ಹಿಡಿದರು. ನೋಡಲು ಸಿಂಧಘಟ್ಟಕ್ಕೆ ಹೋದೆ. ಹೊದಿಕೆಯ ಮೇಲೆ ಅದೇ ಕೈ, ಅದೇ ಬಟ್ಟಲು. "ಸಾರ್, ಅವತ್ತು ನೀವು ಹೇಳಿದ್ರಿ. ನಾನೇ ಅಂಕಿ ನೋಡ್ಲಿಲ್ಲ" ಎನ್ನುತ್ತಾ ಅತ್ತುಬಿಟ್ಟೆ.

"ನಂಗೊತ್ತಿಲ್ವೇನವ್ವ?" ಕೈ ಇನ್ನೂ ತಿರುಗುತ್ತಿತ್ತು. "ಈಗ ನೋಡ್ತೀಯಲ್ಲ, ಸಾಕು ಬುಡು."

ಆ ವಾರವೇ ಹೋದರು. ತಿಥಿ ಮುಗಿಸಿಕೊಂಡು ಬಂದವಳು ಮಾಲೀಕರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು "ಹೋಗಿ ಕೆಲ್ಸ ನೋಡವ್ವ" ಅಂದರು. ಬಂದು ಹೆಡ್ ಸಾರ್ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತೆ. ಈಗಲೂ ಅಲ್ಲೇ ಕೂರುತ್ತೇನೆ, ಹೆಡ್ ಕುರ್ಚಿ ಅವರದು.