ಡಿಫೆಂಡರ್ ಅಳಿಯನ ಉಂಗುರ ಬೆರಳು

೨೦೨೨ರ ಅಕ್ಟೋಬರ್. ಅಟ್ಲಾಂಟಾದ ಪಕ್ಕದ ಡುಲುತ್‌ನಲ್ಲಿ ಒಂದು ಕ್ಲಿನಿಕ್‌ನ ಹ್ಯಾಂಡ್ ಥೆರಪಿಸ್ಟ್ ಆಗಿದ್ದೆ. ಈ ಕೆಲಸದ ಹೆಸರು ಹೇಳಿದರೆ ನಮ್ಮವರು ಇಂದಿಗೂ ‘ಕೈ ನೀವೋದಾ?’ ಎಂದು ಕೇಳುತ್ತಾರೆ. ಅಲ್ಲ. ಮುರಿದ, ಕುಯ್ದ, ಹೊಲಿದ ಕೈಯನ್ನು ಸರ್ಜನ್ ನಮ್ಮ ಬಳಿ ಕಳಿಸುತ್ತಾರೆ. ಅದು ಮತ್ತೆ ಮಡಚಿ, ಬಿಚ್ಚಿ, ಹಿಡಿಯುವಂತೆ ಮಾಡುವುದು ನಮ್ಮ ಕೆಲಸ. ಅರ್ಧ ವಿಜ್ಞಾನ, ಇನ್ನರ್ಧ ಪೇಷಂಟ್‌ಗಳ ಬೆನ್ನು ಹತ್ತಿ ಪೀಡಿಸುವುದು. ಎರಡನೆಯದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಒಂದು ಬೆಳಿಗ್ಗೆ ವಿಮಲಾ ಆಂಟಿ ಫೋನ್ ಮಾಡಿದರು. ಮೈಸೂರಿನವರು, ಬಹಳ ವರ್ಷಗಳಿಂದ ಡುಲುತ್‌ನಲ್ಲೇ ಇರುವವರು. ಮಗಳು ಮೇಘನಾ ಓದಲು ಮೆಲ್ಬರ್ನ್‌ಗೆ ಹೋಗಿ, ಅಲ್ಲಿಯವನನ್ನೇ ಮದುವೆಯಾಗಿದ್ದಳು.

“ಸುಮಾ, ಮೇಘನಾ, ಅಳಿಯಂದ್ರು ಬಂದಿದಾರಮ್ಮ, ಮೊದಲನೇ ದೀಪಾವಳಿಗೆ. ಅವರ ಬೆರಳು ಮಡಚ್ತಾನೇ ಇಲ್ಲ. ನೀನೇ ಏನಾದ್ರೂ ಮಾಡ್ಬೇಕು.”

ಅಳಿಯನನ್ನು ಇಲ್ಲಿ ಲೂಕ್ ಎಂದು ಕರೆಯುತ್ತೇನೆ, ಅದು ಅವನ ನಿಜವಾದ ಹೆಸರಲ್ಲ. ಆರಡಿ ನಾಲ್ಕಂಗುಲದ ಆಳು, ಮೊರದಗಲದ ಕೈ, ಮುರಿದು ಕೂಡಿದ ಮೂಗು, ಮಗುವಿನಂಥ ನಗು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಹನ್ನೊಂದು ವರ್ಷಗಳಿಂದ ಡಿಫೆಂಡರ್. ಆ ಆಟದ ಗಂಧಗಾಳಿ ನನಗಿರಲಿಲ್ಲ, ಮೊದಲ ದಿನ ಅವನೇ ಪಾಠ ಹೇಳಿದ. ಮೈದಾನ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಎದುರಾಳಿ ದೂರದಿಂದ ಒದ್ದ ಚೆಂಡನ್ನು ನಿಮ್ಮ ಗೋಲಿನ ಹತ್ತಿರ ಅವರ ಆಟಗಾರ ಕ್ಯಾಚ್ ಹಿಡಿದರೆ, ಯಾರ ಅಡ್ಡಿಯೂ ಇಲ್ಲದೆ ಗೋಲಿಗೆ ಒದೆಯುವ ಅವಕಾಶ ಅವನದು. ಅವನು ಹಿಡಿಯುವ ಮೊದಲೇ ಹಿಂದಿನಿಂದ ಜಿಗಿದು, ಮುಷ್ಟಿಯಿಂದ ಚೆಂಡನ್ನು ಗುದ್ದಿ ಆಚೆ ಕಳಿಸುವುದು ಲೂಕ್‌ನ ಕೆಲಸ.

“ಹಾಗಾದ್ರೆ ಇವರೇ ಗೋಲು ಹೊಡೆಯೋದಿಲ್ವಾ ಅಂತ ನಮ್ಮ ಕನ್ನಡ ಸಂಘದೋರೆಲ್ಲಾ ಕೇಳ್ತಾರೆ,” ಎಂದರು ಅವನ ಜೊತೆ ಕ್ಲಿನಿಕ್‌ಗೆ ಬಂದಿದ್ದ ಆಂಟಿ, ಸ್ವಲ್ಪ ಸಂಕೋಚದಿಂದ.

ಹನ್ನೊಂದು ವರ್ಷಗಳಲ್ಲಿ ನಾಲ್ಕು, ಎಂದು ಲೂಕ್ ಬೆರಳೆತ್ತಿ ತೋರಿಸಿದ. ನನ್ನ ಕಣ್ಣು ಲೆಕ್ಕದ ಮೇಲಿರಲಿಲ್ಲ, ಬೆರಳಿನ ಮೇಲಿತ್ತು.

ಆಗಸ್ಟ್‌ನ ಪಂದ್ಯವೊಂದರಲ್ಲಿ ಬಲಗೈಯ ಉಂಗುರ ಬೆರಳಿನ ಬುಡದ ಮೂಳೆ ಮುರಿದಿತ್ತು. ಮೆಲ್ಬರ್ನ್‌ನಲ್ಲಿ ಪ್ಲೇಟ್ ಹಾಕಿ ಸ್ಕ್ರೂ ಬಿಗಿದಿದ್ದರು, ಮೂಳೆ ಸೊಗಸಾಗಿ ಕೂಡಿತ್ತು. ಆದರೆ ಮೇಲಿನ ಟೆಂಡನ್, ಅಂದರೆ ಬೆರಳನ್ನು ಎಳೆಯುವ ದಾರ, ಗಾಯದ ಜಾಗಕ್ಕೆ ಅಂಟಿಕೊಂಡಿತ್ತು. ಮುಷ್ಟಿ ಕಟ್ಟು ಎಂದರೆ ಮೂರು ಬೆರಳು ಮಡಚುತ್ತಿದ್ದವು, ಉಂಗುರ ಬೆರಳು ಮಾತ್ರ ಅರ್ಧಕ್ಕೇ ನಿಂತು ಹೊರಗೆ ಇಣುಕುತ್ತಿತ್ತು. ಅದರ ತುದಿಗೂ ಅಂಗೈಗೂ ನಡುವೆ ಎರಡೂವರೆ ಸೆಂಟಿಮೀಟರ್ ಅಂತರ. ಅಂಥ ಮುಷ್ಟಿಯಲ್ಲಿ ಚೆಂಡನ್ನು ಗುದ್ದಿದರೆ ಆ ಬೆರಳು ಮತ್ತೆ ಮುರಿಯುವುದು ಗ್ಯಾರಂಟಿ. ಕ್ಲಬ್ ಇನ್ನೊಂದು ವರ್ಷದ ಕಾಂಟ್ರ್ಯಾಕ್ಟ್ ಕೊಡಲು ತಯಾರಿತ್ತು. ಷರತ್ತು ಒಂದೇ: ನವೆಂಬರ್ ಕೊನೆಗೆ ಅಲ್ಲಿಯ ಡಾಕ್ಟರ್ ಎದುರು ಪೂರ್ತಿ ಮುಷ್ಟಿ ಕಟ್ಟಿ ತೋರಿಸಬೇಕು. ಇಲ್ಲದಿದ್ದರೆ ಆಟ ಮುಗಿಯಿತು.

“ಮೂವತ್ತೊಂದು ನನಗೆ. ಒಂದೇ ಒಂದು ಸೀಸನ್ ಸಾಕು. ಆಟ ಬಿಡುವಾಗ ಗ್ರೌಂಡಿನಿಂದ ನಡೆದುಕೊಂಡು ಹೊರಗೆ ಬರಬೇಕು, ಆಸ್ಪತ್ರೆಯಿಂದಲ್ಲ,” ಎಂದ ಲೂಕ್ ತನ್ನ ಇಂಗ್ಲಿಷಿನಲ್ಲಿ. ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

ವಾರಕ್ಕೆ ಮೂರು ಸಲ ಬರುತ್ತಿದ್ದ. ಬಿಸಿ ಮೇಣದಲ್ಲಿ ಕೈ ಅದ್ದಿಸುವುದು, ಗಂಟು ಗಂಟನ್ನೂ ಬೇರೆ ಬೇರೆಯಾಗಿ ಮಡಚಿಸುವುದು, ಟೆಂಡನ್ ಸಡಿಲಿಸುವ ವ್ಯಾಯಾಮ. ಕ್ಲಿನಿಕ್‌ನಿಂದ ಹೊರಡುವಾಗ ಅಂತರ ಒಂದೂವರೆಗೆ ಇಳಿದಿರುತ್ತಿತ್ತು, ಮತ್ತೆ ಬರುವಾಗ ಎರಡೂವರೆ. ಎರಡು ವಾರ ಇದೇ ಹಣೆಬರಹ. ಮನೆಯಲ್ಲಿ ವ್ಯಾಯಾಮ ಮಾಡದ ಪೇಷಂಟ್‌ಗಳನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ, ಇವನು ಅಂಥವನಲ್ಲ. ಗಂಟೆಗೊಮ್ಮೆ ತಪ್ಪದೆ ಮಾಡುತ್ತಿದ್ದ. ಮತ್ತೇಕೆ ಹೀಗೆ? ಅಂಟಿದ್ದನ್ನು ಬಿಡಿಸಲು ಇನ್ನೊಂದು ಸರ್ಜರಿ ಆದರೆ ಸೀಸನ್ ಕೈಬಿಟ್ಟಂತೆಯೇ. ಆ ಮಾತನ್ನು ಅವನಿಗೆ ಹೇಗೆ ಹೇಳುವುದೆಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಹಬ್ಬ ಬಂತು, ಆಂಟಿ ಊಟಕ್ಕೆ ಕರೆದರು.

ಹೋಗಿ ನೋಡಿದರೆ ಲೂಕ್ ಎಣ್ಣೆಸ್ನಾನ ಮುಗಿಸಿ, ರೇಷ್ಮೆ ಪಂಚೆ ಉಟ್ಟು, ಸೋಫಾದ ಮೇಲೆ ಮದುಮಗನ ಹಾಗೆ ಕುಳಿತಿದ್ದ. ಬಲಗೈಗೆ ಪ್ರತ್ಯೇಕವಾಗಿ ಒಂದು ದಿಂಬು. ಆಂಟಿ ಕಿತ್ತಳೆ ಸುಲಿದು ತೊಳೆ ಬಿಡಿಸಿ ಕೊಟ್ಟರು. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಊಟಕ್ಕೆ ಕುಳಿತಾಗ ಅವನು ಎಲೆಗೆ ಕೈ ಹಾಕುವ ಮೊದಲೇ ಚಮಚ ಬಂತು, ಹೋಳಿಗೆಯೂ ತುಂಡು ತುಂಡಾಗಿ ಬಂತು. ಅವನು ಏನನ್ನಾದರೂ ಎತ್ತಿಕೊಳ್ಳಲು ಹೋದರೆ ಸಾಕು, ಆಂಟಿ ಎಲ್ಲಿದ್ದರೂ ಓಡಿ ಬಂದು ಅದನ್ನು ಅವನಿಗಿಂತ ಮೊದಲು ಎತ್ತುತ್ತಿದ್ದರು. ಗಂಟೆಗೆ ಐದು ನಿಮಿಷ ವ್ಯಾಯಾಮ, ಉಳಿದ ಐವತ್ತೈದು ನಿಮಿಷ ಆ ಕೈಗೆ ಮಹಾರಾಜನ ವಿಶ್ರಾಂತಿ! ಬೆರಳು ಗಟ್ಟಿಯಾಗದೆ ಇನ್ನೇನಾದೀತು?

“ಏನೋ ಇದು?” ಎಂದು ಲೂಕ್‌ನನ್ನು ಮೆಲ್ಲಗೆ ಕೇಳಿದೆ.

“ಮೊದಲ ದೀಪಾವಳಿ, ಅಮ್ಮ ಮಾಡಿದ್ದನ್ನೆಲ್ಲಾ ಮಾಡಿಸಿಕೋ ಅಂತ ಮೇಘನಾ ಹೇಳಿದ್ದಾಳೆ. ಬೇಡ ಅಂದರೆ ಅವರಿಗೆ ಬೇಜಾರಾಗುತ್ತದೆ,” ಎಂದ. “ನನ್ನ ಇಡೀ ಕರಿಯರ್‌ನಲ್ಲಿ ಯಾರೂ ನನ್ನನ್ನು ಇಷ್ಟು ಚೆನ್ನಾಗಿ ಡಿಫೆಂಡ್ ಮಾಡಿಲ್ಲ.”

ನಗುವೂ ಬಂತು, ಸಿಟ್ಟೂ ಬಂತು. ಅಡುಗೆಮನೆಗೆ ಹೋದೆ. ಅಲ್ಲಿ ಆಂಟಿ ಮಗಳ ಜೊತೆ ರವೆ ಉಂಡೆಗೆ ಬಿಸಿ ಬಿಸಿ ಮಿಶ್ರಣ ಕಲಸುತ್ತಿದ್ದರು.

“ಆಂಟಿ, ಮೈದಾನದಲ್ಲಿ ಅವನು ಡಿಫೆಂಡರ್, ಮನೇಲಿ ನೀವು. ಒಂದು ಕೆಲಸಾನೂ ಅವನ ಕೈ ಹತ್ರ ಬರೋಕೆ ಬಿಟ್ಟಿಲ್ಲ. ಹೀಗೇ ಆದ್ರೆ ಅವನ ಆಟ ಇಲ್ಲಿಗೇ ಮುಗಿಯುತ್ತೆ.”

“ಹೊಸ ಅಳಿಯನ ಕೈಲಿ ಕೆಲಸ ಮಾಡಿಸ್ಬೇಕಾ? ಮೊದಲನೇ ಹಬ್ಬದಲ್ಲಿ? ನೋಡಿದೋರು ಏನಂತಾರಮ್ಮ?”

“ಅಮ್ಮ, ಪ್ಲೀಸ್, ಜಸ್ಟ್ ಲೆಟ್ ಹಿಮ್ ಟ್ರೈ,” ಎಂದಳು ಮೇಘನಾ.

ಆಂಟಿ ತುಟಿ ಬಿಗಿದುಕೊಂಡು ಸೌಟು ಆಡಿಸಿದರು. ಕಣ್ಣಲ್ಲಿ ನೀರಿತ್ತು. ಪಾಪ, ನೆಂಟರಿಷ್ಟರಿಲ್ಲದ ಊರಿನಲ್ಲಿ ಒಬ್ಬಳೇ ಮಗಳ ಗಂಡನಿಗೆ ಶಾಸ್ತ್ರಕ್ಕೆ ಒಂದು ಕೊರತೆಯೂ ಆಗಬಾರದೆಂದು ವಾರಗಟ್ಟಲೆ ಒದ್ದಾಡಿದ್ದರು. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಾತ್ರೆಯನ್ನೇ ಎತ್ತಿಕೊಂಡು ಹಾಲ್‌ಗೆ ನಡೆದರು.

“ಲೂಕ್, ಕಮ್. ಉಂಡೆ ಕಟ್ಟಿ.”

ಅವನು ಹಿಗ್ಗಿನಿಂದ ಎದ್ದು ಬಂದು, ಬಲಗೈ ತುಂಬ ಬಿಸಿ ರವೆ ಹಿಡಿದು ಒತ್ತಿದ. ಕೈ ಬಿಚ್ಚಿದಾಗ ಉಂಡೆಯ ಒಂದು ಬದಿ ಪುಡಿಪುಡಿಯಾಗಿ ಉದುರಿತು. ಇನ್ನೊಂದು ಕಟ್ಟಿದ, ಅದೂ ಅದೇ ಬದಿಯಲ್ಲಿ ಬಿರುಕು. ಉಂಗುರ ಬೆರಳು ಒತ್ತಬೇಕಾಗಿದ್ದ ಜಾಗ ಅದು. ಆಂಟಿ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಅವನ ಕೈ ಹಿಡಿದು ಬೆರಳನ್ನು ನೋಡಿದರು. ನಾನು ಎರಡು ವಾರದಿಂದ ಸೆಂಟಿಮೀಟರ್‌ಗಳಲ್ಲಿ ಹೇಳುತ್ತಿದ್ದದ್ದು ಅವರಿಗೆ ಆಗ ಅರ್ಥವಾಯಿತು. ಉಂಡೆ ಬಿರುಕು ಬಿಡುವುದನ್ನು ಆಂಟಿ ಯಾವ ಕಾಲಕ್ಕೂ ಸಹಿಸಿದವರಲ್ಲ.

ಮಾರನೆಯ ದಿನದಿಂದ ಆ ಮನೆಯ ಆಡಳಿತವೇ ಬದಲಾಯಿತು. ಮೇಣದ ಬದಲು ಬಿಸಿ ರವೆ. ಉಂಡೆ ಚಿಕ್ಕದಾದಷ್ಟೂ ಮುಷ್ಟಿ ಬಿಗಿಯಾಗಬೇಕು, ಆದ್ದರಿಂದ ನಿಂಬೆಹಣ್ಣಿನ ಗಾತ್ರದಿಂದ ನೆಲ್ಲಿಕಾಯಿಗೆ ಇಳಿಸಿ ಎಂದೆ. ಚಪಾತಿ ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಉಪ್ಪಿನಕಾಯಿ ಭರಣಿ ತೆಗೆಯುವುದು ಎಲ್ಲಾ ಅಳಿಯಂದ್ರ ಪಾಲು. ಊಟವಂತೂ ಕೈಯಲ್ಲೇ. ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ರವೆ ಉಂಡೆ ಸಿಗದ ಮನೆ ಉಳಿಯಲಿಲ್ಲ. ಕೊನೆಕೊನೆಗೆ ಜನ ಆಂಟಿಯ ಕಾರು ಕಂಡರೆ ಬಾಗಿಲು ತೆಗೆಯಲು ಹಿಂದೆಮುಂದೆ ನೋಡುತ್ತಿದ್ದರು. ನನಗೆ ದಿನಾ ವಾಟ್ಸಾಪ್‌ನಲ್ಲಿ ಉಂಡೆಯ ಫೋಟೋ: “ಇವತ್ತು ಬಿರುಕು ಸಣ್ಣದಿದೆ.”

ಅಂತರ ಎರಡಾಯಿತು, ಒಂದಾಯಿತು, ಅರ್ಧದಲ್ಲಿ ಒಂದು ವಾರ ಹಠ ಹಿಡಿದು ಕೂತಿತು. ಹೊರಡುವ ಹಿಂದಿನ ದಿನ ಲೂಕ್ ನನ್ನ ಮೇಜಿನ ಮೇಲೆ ಕೈಯಿಟ್ಟು ನಿಧಾನವಾಗಿ ಮುಷ್ಟಿ ಕಟ್ಟಿದ. ಉಂಗುರ ಬೆರಳಿನ ತುದಿ ಅಂಗೈ ಮುಟ್ಟಿತು. ಅಳೆಯಲು ಏನೂ ಇರಲಿಲ್ಲ. ನಾನು ಅಳೆಯುವ ಪಟ್ಟಿ ಕೆಳಗಿಟ್ಟು ಚಪ್ಪಾಳೆ ಹೊಡೆದೆ, ಪಕ್ಕದ ಟೇಬಲ್‌ನ ಪೇಷಂಟ್‌ಗಳೂ ಹೊಡೆದರು. ಆಂಟಿ ಮಾತ್ರ, “ಇನ್ನೊಂದು ಸಲ ಕಟ್ಟಿ,” ಎಂದರು.

ಕಾಂಟ್ರ್ಯಾಕ್ಟ್ ಸಿಕ್ಕಿತು. ಮಾರ್ಚ್‌ನಲ್ಲಿ ಅವನ ಮೊದಲ ಪಂದ್ಯದ ರೆಕಾರ್ಡಿಂಗನ್ನು ಆಂಟಿಯ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನೋಡಿದೆವು. ಫಲಿತಾಂಶದ ಬಗ್ಗೆ ಯಾರೂ ಬಾಯಿ ಬಿಡಕೂಡದೆಂದು ಆಂಟಿಯ ಕಟ್ಟಪ್ಪಣೆ. ಕೊನೆಯ ನಿಮಿಷದಲ್ಲಿ ಲೂಕ್‌ನ ತಂಡ ಮೂರೇ ಪಾಯಿಂಟ್ ಮುಂದಿತ್ತು, ಆ ಆಟದಲ್ಲಿ ಒಂದು ಗೋಲಿಗೆ ಆರು ಪಾಯಿಂಟ್. ಗೋಲಿನ ಮುಂದೆ ಚೆಂಡು ಮೇಲೇರಿ ಬಂತು, ಎದುರಾಳಿ ಎರಡೂ ಕೈ ಚಾಚಿ ಹಾರಿದ. ಅವನ ಹೆಗಲ ಮೇಲಿಂದ ಒಂದು ಮುಷ್ಟಿ ಎದ್ದು ಬಂದು ಚೆಂಡನ್ನು ಗುದ್ದಿ ಗೆರೆಯಾಚೆ ಕಳಿಸಿತು. ಆಟ ಮುಗಿದ ಸೈರನ್ ಕೂಗಿತು.

ಕಾಮೆಂಟರಿಯವರು ಗೋಲು ಕೈತಪ್ಪಿದ ಎದುರಾಳಿಯ ಬಗ್ಗೆಯೇ ಮಾತಾಡುತ್ತಿದ್ದರು. ಆಂಟಿ ಎದ್ದು ಟಿವಿಯ ಹತ್ತಿರ ಹೋಗಿ, ರೀಪ್ಲೇಯಲ್ಲಿ ಆ ಮುಷ್ಟಿ ಬಂದಾಗ ತಡೆದು ನಿಲ್ಲಿಸಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಬಿರುಕಿಲ್ಲ ಕಣೇ, ಸುಮಾ,” ಎಂದರು.

ಅಲ್ಲಿಂದೀಚೆಗೆ ನನ್ನಲ್ಲಿಗೆ ಬರುವ ಪ್ರತಿ ಪೇಷಂಟನ್ನೂ, ಅಳೆಯುವ ಪಟ್ಟಿ ತೆಗೆಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: ಈ ಕೈಯ ಕೆಲಸವನ್ನು ಈಗ ಮನೆಯಲ್ಲಿ ಯಾರು ಮಾಡುತ್ತಿದ್ದಾರೆ? ಪೇಷಂಟ್ ಉತ್ತರ ಹುಡುಕುತ್ತಿರುವಾಗ ನಾನು ಅವರ ಮುಖ ನೋಡುವುದಿಲ್ಲ, ಅವರ ಬ್ಯಾಗು ಹಿಡಿದುಕೊಂಡು ಜೊತೆಗೆ ಬಂದವರನ್ನು ನೋಡುತ್ತೇನೆ. ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕು.