ಶಿದ್ರಾಯ ಹೇಳಿದ ಊರು

ಹೆಂಡತಿ ಸತ್ತ ಸುದ್ದಿಯನ್ನು ಶಿದ್ರಾಯ ತಾನೇ ಊರಿಗೆ ಸಾರಿದ. ಇವತ್ತೊಂದು ದಿನ ಬೇರೆ ಯಾರಾದರೂ ಹೇಳಲಿ ಎಂದು ಮಗ ತಾನಾಜಿ ತಡೆದು ನೋಡಿದ. ಆದರೆ ಗಡಿಯೂರಾದ ಕರಿಮರಡಿಯಲ್ಲಿ ಯಾರು ಸತ್ತರೂ, ರೇಶನ್ ಬಂದರೂ, ಯಾರದೋ ಆಡು ತಪ್ಪಿಸಿಕೊಂಡರೂ ಮೈಕಿನಲ್ಲಿ ಹೇಳುವವನು ಗ್ರಾಮಪಂಚಾಯತದ ಶಿಪಾಯಿ ಶಿದ್ರಾಯನೇ. ಅವನು ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ನಡೆದ, ಬೀಗ ತೆಗೆದ, ಮೈಕ್ ಊದಿ ನೋಡಿದ.

“ಊರಾನ ಮಂದಿ ಕೇಳ್ರಿ. ಸಾವಿತ್ರೆವ್ವ ಶಿದ್ರಾಯ ಬಂಡಗರ ನಸಿಕಿನ್ಯಾಗ ತೀರಿಕೊಂಡಾರ. ಮಧ್ಯಾಹ್ನ ಮಣ್ಣು ಅದ. ಎಲ್ಲಾರೂ ಬರಬೇಕು.”

ಅದನ್ನೇ ಮರಾಠಿಯಲ್ಲೂ ಹೇಳಿದ. ದನಿ ಎಲ್ಲೂ ತಡವರಿಸಲಿಲ್ಲ. ಮೈಕ್ ಬಂದ್ ಮಾಡಿ, ಮೇಜಿನ ಮೇಲಿನ ಧೂಳನ್ನು ಟಾವೆಲ್‌ನಿಂದ ಒರೆಸಿ ಮನೆಗೆ ಬಂದ. ಮಣ್ಣಿಗೆ ಬಂದವರಲ್ಲಿ ಕೆಲವರು, ಏನು ಗಟ್ಟಿ ಎದೆಯಪ್ಪ ಇವನದು, ಎಂದು ತಮ್ಮೊಳಗೇ ಮಾತಾಡಿಕೊಂಡರು. ಅದು ಶಿದ್ರಾಯನ ಕಿವಿಗೂ ಬಿತ್ತು. ಗಟ್ಟಿಯೋ ಮೆತ್ತಗೋ, ಎದೆಯಲ್ಲಿ ಏನಿದೆಯೆಂದು ಅವನಿಗೇ ತಿಳಿಯದು. ಬರಗಾಲದ ಬಾವಿಯೊಳಗೆ ಕೊಡ ಬಿಟ್ಟಂತೆ, ಕೊಡ ಕೆಳಗೆ ತಾಗಿದ ಸಪ್ಪಳವಷ್ಟೇ ಬರುತ್ತಿತ್ತು.

ದಿನಗಳು ಕಳೆದವು. ಸೊಸೆ ಶೀತಲ ರೊಟ್ಟಿ ಬಡಿದಿಟ್ಟರೆ ಉಣ್ಣುವನು, ಇಡದಿದ್ದರೆ ಕೇಳುವವನಲ್ಲ. ಬೆಳಿಗ್ಗೆ ಮೈಕಿನ ಕೆಲಸ, ಆಮೇಲೆ ನೋಟೀಸು ಹಂಚುವುದು, ಸಂಜೆ ಕಟ್ಟೆಯ ಮೇಲೆ ಕೂರುವುದು. ಯಾರಾದರೂ ನಕ್ಕರೆ ತಾನೂ ಹಲ್ಲು ಕಾಣಿಸುವನು. ಸಾವಿತ್ರೆವ್ವನ ಸೀರೆಗಳನ್ನು ಶೀತಲ ಮಡಚಿ ಟ್ರಂಕಿಗೆ ಹಾಕುವಾಗ ಎದುರಿಗೇ ಕೂತು ಚಹಾ ಕುಡಿದ.

ಅಂಥ ಒಂದು ದಿನ ಪಂಚಾಯತದ ಸರಪಂಚಳಾದ ವಿದ್ಯಾವತಿ ಅವನನ್ನು ಕರೆಸಿದಳು. ಅವಳ ಪಕ್ಕದಲ್ಲಿ ಕನ್ನಡ ಸಾಲೆಯ ಮಹಾಂತ ಗುರೂಜಿ ಕೂತಿದ್ದರು.

“ಕಾಕಾ, ನಮ್ಮ ಸಾಲಿಗೆ ಈ ಸಲ ನೂರು ವರ್ಷ ತುಂಬತಾವ್ರಿ,” ಎಂದಳು ವಿದ್ಯಾವತಿ. “ಊರ ಹಬ್ಬನ ಮಾಡೂಣ ಅಂತ ಮಾಡೀವಿ. ಅಲ್ಲೀ ತನಕ ದಿನಾ ಮುಂಜಾನೆ ನೀವು ಮೈಕಿನ್ಯಾಗ ಊರಿನ ಕತಿ ಸ್ವಲ್ಪ ಸ್ವಲ್ಪ ಹೇಳ್ರಿ.”

“ನಾ ಏನ್ ಹೇಳ್ಲಿ ವೈನಿ? ನಂಗ ಸತ್ತದ್ದು, ಕೆಟ್ಟದ್ದು, ಕಳದದ್ದು ಹೇಳಿ ರೂಢಿ.”

“ನಾ ಬರದ ಕೊಡ್ತೀನಿ ತಗೋರಿ,” ಎಂದರು ಗುರೂಜಿ. “ನಿಮ್ಮ ದನಿ ಇದ್ರ ಸಾಕು. ಮಂದಿ ಕೇಳತಾರ.”

ಶಿದ್ರಾಯ ಆಗಲಿ ಎಂದ. ಬೇಡ ಎನ್ನುವುದಕ್ಕೂ ಒಂದಷ್ಟು ಮನಸ್ಸು ಬೇಕು.

ಮೊದಲ ದಿನ ಮರಡಿಯ ಕತೆ. ಕುರಿ ಕಾಯುವವರು ಈ ಕರಿಕಲ್ಲಿನ ದಿಬ್ಬದ ಮೇಲೆ ಹಟ್ಟಿ ಹಾಕಿದ್ದು, ಗಾಳಿ ಚೆನ್ನಾಗಿದೆ, ತೋಳ ಬಂದರೆ ದೂರದಿಂದಲೇ ಕಾಣುತ್ತದೆ ಎಂದು ಅಲ್ಲೇ ನಿಂತದ್ದು. ಮರುದಿನ, ಎತ್ತಿನ ಮೇಲೆ ಬೆಲ್ಲ, ಉಪ್ಪು ಹೇರಿಕೊಂಡು ಬಂದ ಲಿಂಗಾಯತರ ಮನೆತನಗಳು ಬೇರೂರಿದ್ದು, ಎರಡೂ ಕಡೆಯವರು ಕೂಡಿ ಬಾವಿ ತೋಡಿದ್ದು. ಆಮೇಲೆ ಮಠದ ಪಡಸಾಲೆಯಲ್ಲಿ ಸಾಲೆ ಶುರುವಾದದ್ದು. ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದ ಮಕ್ಕಳು ಗಾಳಿ ಬೀಸಿದರೆ ಮೊದಲಿನಿಂದ ಬರೆಯಬೇಕಾಗುತ್ತಿತ್ತಂತೆ.

ಗುರೂಜಿಯ ಚೀಟಿಗಳು ಒಂದು ವಾರವೂ ಬೇಕಾಗಲಿಲ್ಲ. ಶಿದ್ರಾಯ ಮೈಕ್ ಬಂದ್ ಮಾಡಿ ಹೊರಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಕಾಯುತ್ತಿರುತ್ತಿದ್ದರು. ಕಿರಾಣಿ ಅಂಗಡಿಯ ಮುರಗೆಪ್ಪ ಬಂದು ಮೊದಲನೆಯ ಬಸ್ಸಿನ ಕತೆ ಹೇಳಿದ. ಬಸ್ಸಿನ ಎರಡೂ ದೀಪಗಳಿಗೆ ಅವನ ಅಜ್ಜಿ ಕುಂಕುಮ ಹಚ್ಚಿ, ಗಾಲಿಗೆ ನೀರು ಹಾಕಿ, ಕಂಡಕ್ಟರನಿಗೆ ಹೋಳಿಗೆ ಕೊಟ್ಟಿದ್ದಳಂತೆ. ಕನ್ನಡ ಬಾರದ ಆ ಕಂಡಕ್ಟರ ಊರಿನ ಹೆಸರನ್ನು ಕರ್ಮಾಡಿ ಎಂದು ಕೂಗಿದ, ಬಸ್ಸಿನವರ ಬಾಯಲ್ಲಿ ಇಂದಿಗೂ ಅದು ಕರ್ಮಾಡಿಯೇ. ಹಿಟ್ಟಿನ ಗಿರಣಿ ಬಂದ ಹೊಸತರಲ್ಲಿ ಅದರ ಹಿಟ್ಟು ತಿಂದರೆ ಹೊಟ್ಟೆಯಲ್ಲಿ ಕಬ್ಬಿಣ ಬೆಳೆಯುತ್ತದೆಂದು ಹೆದರಿದ್ದನ್ನು ಒಬ್ಬಳು ಹೇಳಿದಳು. ನಮ್ಮೂರ ಮಂದಿಗೆ ಜಗಳ ಕನ್ನಡದಾಗ, ಅರ್ಜಿ ಮರಾಠಿಯೊಳಗ, ಬೈಗುಳ ಎರಡರಾಗೂ ಎಂದು ಮತ್ತೊಬ್ಬ ಹೇಳಿಸಿದ. ಅದನ್ನು ಶಿದ್ರಾಯ ಮೈಕಿನಲ್ಲಿ ಹೇಳಿದ ಬೆಳಿಗ್ಗೆ ಚಹಾದಂಗಡಿಯ ಮುಂದೆ ಮಂದಿ ಹೊಟ್ಟೆ ಹಿಡಿದು ನಕ್ಕರು.

ಊರಿಗೆ ತನ್ನ ಮುಖ ತಾನೇ ಕನ್ನಡಿಯಲ್ಲಿ ನೋಡಿಕೊಂಡಷ್ಟು ಹಿಗ್ಗು. ಹೇಳುವವನಿಗೆ ಮಾತ್ರ ಏನೂ ಇಲ್ಲ. ಕುಂಕುಮ ಹಚ್ಚಿದ ಬಸ್ಸು, ನಾಳೆ ಬರುವ ನೀರಿನ ಟ್ಯಾಂಕರ್, ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಎದ್ದುಬಿಡುತ್ತಿದ್ದ.

ಹಬ್ಬ ಹತ್ತಿರ ಬಂದಾಗ, ಆಮಂತ್ರಣದ ಚೀಟಿ ಕೊಡಲು ಅವನು ಊರ ಮೂಡಣ ತುದಿಯ ಕುರುಬರ ಓಣಿಗೆ ಹೋದ. ಸಾವಿತ್ರೆವ್ವನ ತವರು ಅದೇ ಓಣಿ, ಅವಳು ಸತ್ತ ಮೇಲೆ ಅವನು ಅತ್ತ ಹೋಗಿರಲಿಲ್ಲ. ಅವಳ ಬಾಲ್ಯದ ಗೆಳತಿ ಗುರವ್ವ ಬಾಗಿಲಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು.

“ಬಾ ತಮ್ಮಾ, ಕುಂದ್ರು. ಮೈಕಿನ ಕೆಲಸ ಬಿಟ್ಟೀ ಅಂತ ಮಾಡಿದ್ದೆ ನಾ.”

“ಯಾಕ ಬಿಡ್ಲಿ? ದಿನಾ ಹೇಳತೀನಲ್ಲ. ಊರಿನ ಕತಿ ಹೇಳಾಕ ಹತ್ತೀನಿ.”

“ನಮಗೇನ್ ಕೇಳಿಲ್ಲಪ್ಪ. ಬೇವಿನ ಗಿಡದ ಮ್ಯಾಲಿನ ಭೋಂಗಾ ಸುಮ್ಮನಾಗಿ ಭಾಳ ದಿನ ಆತು. ದೂರದಿಂದ ಏನೋ ಗುಂಯ್ ಅಂತದ, ಯಾರ ದನಿ, ಏನ್ ಮಾತು ತಿಳಿಯೂದಿಲ್ಲ.”

ಶಿದ್ರಾಯ ಗಿಡದ ಕಡೆ ನೋಡಿದ. ಮೈಕಿನ ದನಿ ಹೊರಡಿಸುವ ತಗಡಿನ ಭೋಂಗಾ ಅಲ್ಲೇ ಇತ್ತು. ಅದರ ತಂತಿ ಹರಿದು ಕೊಂಬೆಗೆ ಜೋತುಬಿದ್ದಿತ್ತು.

“ಯಾರೂ ಹೇಳಲಿಲ್ಲ ನಂಗ,” ಎಂದ.

“ಯಾರ ಹೇಳತಾರ? ನೀ ದುಃಖದಾಗ ಸುಮ್ಮನಾಗೀ ಅಂತ ಎಲ್ಲಾರೂ ತಿಳಿದಿವಿ. ಹೇಳಾಕಿ ಸಾವಿತ್ರಿ ಇದ್ಲು. ಹಾಲಿಗೆ ಅಂತ ಬರತಿದ್ಲು, ಗಿಡದ ಬುಡಕ ನಿಂತು ನೀ ಹೇಳೂದು ಪೂರಾ ಕೇಳೇ ಹೋಗತಿದ್ಲು. ಭೋಂಗಾ ಗೊರಗೊರ ಅಂದ್ರ, ಹೇಳತೀನಿ ನಮ್ಮ ಮನ್ಯಾವ್ರಿಗೆ ಅಂತಿದ್ಲು.”

ಹೌದು. ಮುಂಜಾನೆ ರೊಟ್ಟಿ ಬಡಿಸುತ್ತ, ಇವತ್ತ ಗಿಡದ ಭೋಂಗಾ ಒದರಲಿಲ್ಲ ನೋಡ್ರಿ, ಎಂದು ಅವಳು ಆಗಾಗ ಅನ್ನುತ್ತಿದ್ದಳು. ಅವನು ವಾಯರಮನ್‌ಗೆ ಫೋನ್ ಮಾಡುತ್ತಿದ್ದ. ಅದನ್ನು ತಿಳಿಯಲು ಅವಳು ಗಿಡದ ಬುಡದಲ್ಲಿ ನಿಂತು ಕೇಳುತ್ತಿದ್ದಳೆಂದು ಅವನಿಗೆ ಹೊಳೆದಿರಲೇ ಇಲ್ಲ. ಅಂದರೆ ಅವಳ ಸಾವಿನ ಸುದ್ದಿಯೂ ಈ ಓಣಿಗೆ ಅವನ ಬಾಯಿಂದ ಮುಟ್ಟಿರಲಿಲ್ಲವೋ ಏನೋ. ಕೇಳಿದ.

“ಅವತ್ತ ಕೇಳಿತ್ತು,” ಎಂದಳು ಗುರವ್ವ. “ಮರುದಿನ ಗಾಳಿ ಬೀಸಿ ಹರೀತು.”

ಅವನಿಗೆ ಅಳು ಬರಲಿಲ್ಲ. ಆದರೆ ಮುಂದಿನ ಮನೆಗೆ ಹೋಗಲಿಲ್ಲ. ಅಲ್ಲೇ ಕೂತ. ಗುರವ್ವ ನೀರು ಕೊಟ್ಟು, “ತಂತಿ ನಾಳೆ ಕಟ್ಟಸು. ನಮಗ ತಪ್ಪಿದ ಕತಿ ಈಗ ಹೇಳು,” ಎಂದಳು.

ಶಿದ್ರಾಯ ಮೈಕಿಲ್ಲದೆ ಹೇಳಿದ. ಮರಡಿ, ಬಾವಿ, ಸಾಲೆ. ಓಣಿಯ ಹೆಂಗಸರು ಕೈಕೆಲಸ ಬಿಟ್ಟು ಸುತ್ತ ಕೂತರು. ಬಸ್ಸಿನ ಕತೆಗೆ ಬಂದಾಗ ಗುರವ್ವ ಅವನನ್ನು ತಡೆದಳು.

“ಬಸ್ಸು ಬಂತು, ಖರೇ. ದಾರಿ ಹೆಂಗ ಬಂತು ಹೇಳಿದಿ ಏನು? ಎಪ್ಪತ್ತೆರಡರ ಬರದಾಗ ಆ ದಾರಿಗಿ ಬುಟ್ಟಿಲೆ ಖಡಿಕಲ್ಲು ಹೊತ್ತಾವ್ರು ನಾವು. ನಾನು, ಸಾವಿತ್ರಿ, ನಮ್ಮವ್ವಗೋಳು. ನಾವಿಬ್ರೂ ಸಣ್ಣಾವ್ರು ಅಂತ ಮುಕಾದಮ ಕೆಲಸಕ್ಕ ತಗೊಳ್ಳವಲ್ಲ. ಸಾವಿತ್ರಿ ಬುಟ್ಟಿ ತಲಿ ಮ್ಯಾಲ ಇಟ್ಕೊಂಡು ಅವನ ಮುಂದನ ನಿಂತ್ಲು. ಅಳತಿ ನೋಡ್ರಿ, ಬುಟ್ಟಿ ಕೂಡಿಸಿದ್ರ ನಾ ದೊಡ್ಡಾಕಿ ಅದೀನಿ ಅಂದ್ಲು! ಅವ ನಕ್ಕು ಹೆಸರು ಹಚ್ಚಿಕೊಂಡ.”

ಹೆಂಗಸರು ನಕ್ಕರು. ಇಷ್ಟು ವರ್ಷದ ಸಂಸಾರದಲ್ಲಿ ಸಾವಿತ್ರೆವ್ವ ಈ ಮಾತನ್ನು ಅವನಿಗೆ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಖಡಿ ಹೊತ್ತ ಮತ್ತೆ ಯಾರಾರು ಎಂದು ಶಿದ್ರಾಯ ಕೇಳಿದ. ಗುರವ್ವ ನೆನಪಿದ್ದಷ್ಟು ಹೆಸರು ಹೇಳಿದಳು. ಉಳಿದವರು ತಮ್ಮ ಅತ್ತೆ, ಅಜ್ಜಿಯರ ಹೆಸರು ಸೇರಿಸಿದರು.

ಮರುದಿನವೇ ತಂತಿ ಕಟ್ಟಿಸಿದ. ಅದರ ಮರುದಿನ ಬೆಳಿಗ್ಗೆ ಮೈಕಿನಲ್ಲಿ ದಾರಿಯ ಕತೆ ಹೇಳಿ ಆ ಹೆಸರುಗಳನ್ನು ಒಂದೊಂದಾಗಿ ಕೂಗಿದ. ನಡುವೆಲ್ಲೋ ಸಾವಿತ್ರೆವ್ವ ಬಂಡಗರ ಎಂದೂ ಬಂತು. ದನಿ ಏರಲಿಲ್ಲ, ಇಳಿಯಲಿಲ್ಲ. ಮನೆಗೆ ಬಂದರೆ ಶೀತಲ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. “ಮಾಮಾ, ಅತ್ತಿ ಬುಟ್ಟಿ ಹೊತ್ತು ನಿಂತದ್ದು ಕಣ್ಣಿಗಿ ಕಟ್ಟಿದಂಗ ಆತ್ರಿ,” ಎಂದಳು. ಅವನು, “ಹೂಂ,” ಎಂದು ಕೈತೊಳೆಯಲು ಹೋದ.

ಹಬ್ಬದ ದಿನ ಸಾಲೆಯ ಅಂಗಳ ತುಂಬಿಹೋಗಿತ್ತು. ಹಳೆ ವಿದ್ಯಾರ್ಥಿಗಳೆಂದು ಜತ್ತದಿಂದ, ಸಂಖದಿಂದ, ವಿಜಯಪುರದಿಂದ ಬಂದವರೆಲ್ಲ ಸಣ್ಣ ಬೆಂಚುಗಳಲ್ಲಿ ಮಂಡಿ ಮಡಚಿ ಕೂತು ಫೋಟೊ ತೆಗೆಸಿಕೊಂಡರು. ಖಡಿ ಹೊತ್ತ ಹೆಂಗಸರಲ್ಲಿ ಉಳಿದವರನ್ನು ವಿದ್ಯಾವತಿ ವೇದಿಕೆಗೆ ಕರೆದು ಸೀರೆ ಉಡಿಸಿದಳು. ಗುರವ್ವ ಮೈಕ್ ಕಂಡು ಹೆದರಿ ಬಾಯಿಗೆ ಸೆರಗು ಹಿಡಿದಳು. ಶಿದ್ರಾಯನಿಗೂ ಶಾಲು ಹೊದಿಸಿದರು. ಚಪ್ಪಾಳೆ ಜೋರಾಗಿತ್ತು. ಅವನಿಗೆ ಅದು ಪಕ್ಕದ ಊರಲ್ಲಿ ಮಳೆ ಬಿದ್ದ ಸಪ್ಪಳದಂತೆ ಕೇಳಿತು.

ಶಾಲು ಮಡಚಿ ಬಗಲಲ್ಲಿಟ್ಟುಕೊಂಡು ಮತ್ತೆ ಕೆಲಸಕ್ಕೆ ನಿಂತ. ಯಾರದೋ ಕೂಸಿನ ಕಾಲ್ಗೆಜ್ಜೆ ಸಿಕ್ಕಿದೆ ಎಂದು ಸಾರಿದ. ತಾಯಿ ಓಡಿಬಂದು ಇಸಿದುಕೊಂಡಳು. ಹೋಗುವಾಗ ತಿರುಗಿ ನಿಂತು, “ಕಾಕಾ, ಉಂಡ್ರಿ?” ಎಂದಳು.

“ಇನ್ನಾ ಇಲ್ಲವ್ವ.”

“ಪಂಗತಿ ಕುಂತದ, ಲಗೂನ ಬರ್ರಿ.”

ಅವಳ ಹಿಂದೆ ಹೋಗಿ ಸಾಲಿನ ತುದಿಯಲ್ಲಿ ಕೂತ. ಎಲೆಯ ಮೇಲೆ ಗೋಧಿ ಹುಗ್ಗಿ ಬಡಿಸಿ, ತುಪ್ಪ ಹಾಕಿದರು. ಮೊದಲ ತುತ್ತಿಗೇ ನಾಲಿಗೆ ಚುರ್ ಎಂದು ಸುಟ್ಟಿತು, ಕಣ್ಣಲ್ಲಿ ನೀರು ಬಂತು.

“ಭಾಳ ಬಿಸಿ ಅದ,” ಎಂದ ಪಕ್ಕದವನಿಗೆ.

“ಆರಿಸಿಕೊಂಡು ಉಣ್ಣೋ ಮಾರಾಯಾ,” ಎಂದ ಪಕ್ಕದವನು.

ಶಿದ್ರಾಯ ಕೈಬೆರಳಿಂದ ಹುಗ್ಗಿಯನ್ನು ಎಲೆಯ ತುಂಬ ಹರವಿ, ಉಫ್ ಉಫ್ ಎಂದು ಊದುತ್ತ ಕೂತ.