ಅಕ್ಕ ಹೊಲಿದ ಸೀಟು

ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿಯಲ್ಲಿ ಅಕ್ಕ ಇಪ್ಪತ್ತೆರಡು ವರ್ಷ ದುಡಿದಳು. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಓದಿಸಿದ್ದು ಆ ಹೊಲಿಗೆಯೇ.

ಒಂದು ದಿನ ತಮ್ಮ ಹೊಸ ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿದ. "ಅಕ್ಕಾ, ಇದನ್ನ ಟ್ರಿಕ್ ಔಟ್ ಮಾಡಿಕೊಡು" ಅಂದ.

"ಹಂಗಂದ್ರೇನೋ?"

"ಸಿಂಗಾರ ಮಾಡೋದು ಕಣಕ್ಕ. ನೋಡಿದವರು ಬಾಯಿ ಬಿಡಬೇಕು."

ಅಕ್ಕ ಆರು ದಿನ ಊಟ ನಿದ್ದೆ ಮರೆತು ಕೂತಳು. ಕೆಂಪು ಚರ್ಮದ ಸೀಟಿಗೆ ಬಿಳಿ ದಾರದ ಹೊಲಿಗೆ ಹಾಕಿದಳು, ಸ್ಟೀರಿಂಗಿಗೂ ಅದೇ ಬಣ್ಣದ ಹೊದಿಕೆ ಮಾಡಿ ಅಂಟು ಹಚ್ಚಿ ಕೂರಿಸಿದಳು. ಏಳನೇ ದಿನ ಸಂಜೆ ತಮ್ಮ ಬಂದು ಸೀಟಿನ ಮೇಲೆ ಕೈಯಾಡಿಸಿ ಹಿಗ್ಗಿದ. ಮನೆವರೆಗೆ ಬಿಡುತ್ತಾನೆಂದು ಅಕ್ಕ ಬಾಗಿಲು ತೆರೆದಳು.

"ಇರಕ್ಕ" ಅಂದ ತಮ್ಮ. "ನಿನ್ನ ಬಟ್ಟೆಗೆಲ್ಲ ಅಂಟು ಮೆತ್ತಿದೆ, ಸೀಟು ಹಾಳಾಗುತ್ತೆ. ಇವತ್ತು ಬಸ್ಸಲ್ಲಿ ಹೋಗಿಬಿಡು."

ಅಕ್ಕ ಬಾಗಿಲು ಹಾಕಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಹೋದಳು. ಬೆರಳಿಗೆ ಮೆತ್ತಿದ ಅಂಟನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು.

ತಿಂಗಳಾದ ಮೇಲೆ ತಮ್ಮ ಫೋನ್ ಮಾಡಿದ. "ನಮ್ಮ ಮ್ಯಾನೇಜರಿಗೆ ಸೀಟು ಬಹಳ ಹಿಡಿಸಿದೆ. ಅವರ ಕಾರಿಗೂ ಮಾಡಿಕೊಡ್ತೀಯಾ?"

"ಕಳಿಸು, ಮಾಡ್ತೀನಿ. ನೀನು ಮಾತ್ರ ಬರಬೇಡ."

ತಮ್ಮನಿಗೆ ಕಾರಣ ಹೊಳೆಯಲಿಲ್ಲ. "ಏನಾಯ್ತಕ್ಕ ನಿನಗೆ?" ಎಂದು ಅವನು ಕೇಳುತ್ತಿದ್ದಾಗಲೇ ಅಕ್ಕ ಫೋನ್ ಇಟ್ಟಳು.